ಕಾರು ಓಡಿಸ್ಲಿಕ್ಕೆ ಬರ್ತದೆ, ಕಾರಿನ ಇಂಗ್ಲಿಷ್ ಬರುದಿಲ್ಲ: ಲೆಸ್ಟರ್‌ಗೆ ಹೊರಟ ಕಟಪಾಡಿಯ ನರ್ಸ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಕಟಪಾಡಿಯವಳು, ಮಣಿಪಾಲದಲ್ಲಿ ಸ್ಟಾಫ್ ನರ್ಸ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನರ್ಸ್, ಡಾಕ್ಟರಂಥವರಿಗೆ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿ ಪಾಸಾಗಿದೆ, ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಹೋಗ್ಲಿಕ್ಕುಂಟು. ಎಂಟು ವರ್ಷದಿಂದ ಆಲ್ಟೋ ಓಡಿಸ್ತಾ ಇದ್ದೇನೆ, ದಿನಾ ಹೈವೇ, ಉಡುಪಿಯ ಕಲ್ಸಂಕ, ಇಂದ್ರಾಳಿ ದಾಟಿಯೇ ಡ್ಯೂಟಿಗೆ ಹೋಗುದು, ಡ್ರೈವಿಂಗ್ ಹೆದರಿಕೆ ಇಲ್ಲ. ಆದ್ರೆ ಅಲ್ಲಿ ಟೆಸ್ಟ್ ಪೂರಾ ಇಂಗ್ಲಿಷಿನಲ್ಲಿ ಅಂತೆ. ಪಕ್ಕದಲ್ಲಿ ಕೂತವರು ಹೇಳಿದ್ದು ಅರ್ಥ ಆಗದೆ ತಪ್ಪು ರೋಡಿಗೆ ತಿರುಗಿಸಿದ್ರೆ ಅಲ್ಲಿಗೇ ಫೇಲ್ ಅಂತ ಹೇಳ್ತಾರೆ. ಅಮೇರಿಕದಲ್ಲಿರುವ ದೊಡ್ಡಪ್ಪನ ಮಗ ಸಾವಿರ ಟ್ರಾಫಿಕ್ ಶಬ್ದಗಳ ಪಿಡಿಎಫ್ ಕಳಿಸಿ ಬಾಯಿಪಾಠ ಮಾಡು ಅಂದಿದ್ದಾನೆ, ನೂರು ದಾಟುವಾಗಲೇ ತಲೆ ತಿರುಗ್ತಾ ಉಂಟು. ಒಬ್ರು ಇಂಟರ್‌ಪ್ರಿಟರ್ ಕರ್ಕೊಂಡು ಹೋಗ್ಬಹುದು ಅಂತಾರೆ, ಇನ್ನೊಬ್ರು ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ರೆ ಟೆಸ್ಟೇ ಬೇಡ ಅಂತಾರೆ, ಮತ್ತೊಬ್ರು ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಡು ಸುಲಭ ಅಂತಾರೆ. ಯಾವುದು ನಿಜ? ಶಬ್ದಗಳನ್ನು ಕಲಿಯುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡ್ಲೇ ನನಗೆ ಅನಿಸಿದ್ದು, ನಿಮಗೆ ಇಂಗ್ಲಿಷ್ ಸಮಸ್ಯೆ ಅಲ್ವೇ ಅಲ್ಲ ಅಂತ. ಓಇಟಿ ಪಾಸಾದವರಿಗೆ ಡ್ರೈವಿಂಗ್ ಟೆಸ್ಟಿನ ಇಂಗ್ಲಿಷ್ ದೊಡ್ಡ ವಿಷಯ ಅಲ್ಲ ಮಾರಾಯ್ರೆ, ಅಲ್ಲಿಯ ಎಕ್ಸಾಮಿನರ್ ಇಡೀ ಟೆಸ್ಟಿನಲ್ಲಿ ಹೇಳುದು ಹತ್ತಿಪ್ಪತ್ತು ವಾಕ್ಯ, ಅದೂ ಹೆಚ್ಚುಕಮ್ಮಿ ಎಲ್ಲರಿಗೂ ಅದೇ ವಾಕ್ಯ. ನಿಮಗೆ ತೊಂದರೆ ಬರುದು ಬೇರೆ ಕಡೆಯಿಂದ. ನಾನು ಮೊದಲು ಮಂಗಳೂರಲ್ಲಿ ಡ್ರೈವಿಂಗ್ ಸ್ಕೂಲಿನ ಕಾರಲ್ಲಿ, ಆಮೇಲೆ ಬ್ರಿಟನ್ನಿನಲ್ಲಿ, ಎರಡೂ ಕಡೆ ಪಕ್ಕದ ಸೀಟಲ್ಲಿ ಕೂತು ಕಲಿಸಿದವ, ಈಗ ಊರಿಗೆ ಬಂದು ಹೊರದೇಶಕ್ಕೆ ಹೋಗುವವರಿಗೆ ಇದನ್ನೇ ಹೇಳಿಕೊಡ್ತೇನೆ. ನಾನು ಕಂಡದ್ದು ಏನಂದ್ರೆ ಗೊತ್ತಿಲ್ಲದ ಶಬ್ದದಿಂದ ಎಡವುವವರು ಕಡಿಮೆ, ಗೊತ್ತುಂಟು ಅಂತ ಅಂದುಕೊಂಡ ಶಬ್ದದಿಂದ ಎಡವುವವರೇ ಜಾಸ್ತಿ.

ಮೊದಲು ಆ ತಪ್ಪು ರೋಡಿನ ಹೆದರಿಕೆ ತೆಗೆದುಬಿಡುವ. ತಪ್ಪು ಕಡೆ ತಿರುಗಿಸಿದ್ರೆ ಫೇಲ್ ಅನ್ನುದು ಸುಳ್ಳು. ಎಡಕ್ಕೆ ಅಂದದ್ದನ್ನು ಬಲಕ್ಕೆ ಅಂತ ಕೇಳಿಸಿಕೊಂಡು ನೀವು ಬಲಕ್ಕೆ ಹೋದ್ರಿ ಅಂತ ಇಟ್ಕೊಳ್ಳಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಯಾರಿಗೂ ತೊಂದರೆ ಆಗದ ಹಾಗೆ ತಿರುಗಿಸಿದ್ರೆ ಅದಕ್ಕೆ ಒಂದು ಮಾರ್ಕೂ ಕಟ್ ಆಗುದಿಲ್ಲ, ಎಕ್ಸಾಮಿನರ್ ಬೇರೆ ದಾರಿಯಿಂದ ವಾಪಸ್ ಕರ್ಕೊಂಡು ಬರ್ತಾರೆ ಅಷ್ಟೇ. ಫೇಲ್ ಆಗುದು ಯಾವಾಗ ಅಂದ್ರೆ, ಅಯ್ಯೋ ತಪ್ಪಿತು ಅಂತ ಗಾಬರಿಯಲ್ಲಿ ಕೊನೆ ಗಳಿಗೆಯಲ್ಲಿ ಸ್ಟಿಯರಿಂಗ್ ಎಳೆದಾಗ. ಅಲ್ಲಿ ಸಣ್ಣ ತಪ್ಪುಗಳು 15ರ ತನಕ ಆದ್ರೂ ಪಾಸ್, ಆದ್ರೆ ಗಂಭೀರ ಅಥವಾ ಅಪಾಯದ ತಪ್ಪು ಒಂದೇ ಒಂದು ಆದ್ರೂ ಸಾಕು, ಫೇಲ್. ಆ ಒಂದು ತಪ್ಪು ಹೆಚ್ಚಾಗಿ ಆಗುದು ಈ ಗಾಬರಿಯಲ್ಲೇ. ಹಾಗಾಗಿ ಅರ್ಥ ಆಗದಿದ್ರೆ ಕೇಳಿ. "ಸಾರಿ, ಕುಡ್ ಯು ಸೇ ದಟ್ ಅಗೇನ್ ಪ್ಲೀಸ್" ಅಂತ ಕೇಳಿದ್ರೆ ಯಾರೂ ಮಾರ್ಕ್ ಕಟ್ ಮಾಡುದಿಲ್ಲ. ನಮ್ಮವರು ಕೇಳುದೇ ಇಲ್ಲ, ದೊಡ್ಡವರ ಹತ್ರ ಎರಡು ಸಲ ಕೇಳುದು ಮರ್ಯಾದೆ ಅಲ್ಲ ಅಂತ ಒಂದು ಸಂಕೋಚ, ತಲೆ ಆಡಿಸಿ ಅಂದಾಜಿನಲ್ಲಿ ತಿರುಗಿಸ್ತಾರೆ. ಅದನ್ನು ಬಿಡಿ.

ಇಂಟರ್‌ಪ್ರಿಟರ್ ವಿಷಯ ಹಳೇ ಕಥೆ. ಒಂದು ಕಾಲದಲ್ಲಿ ಇತ್ತು, 2014ರ ಏಪ್ರಿಲ್‌ನಿಂದ ತೆಗೆದಿದ್ದಾರೆ, ಈಗ ಇಂಗ್ಲೆಂಡಿನಲ್ಲಿ ಥಿಯರಿಯೂ ಇಂಗ್ಲಿಷಿನಲ್ಲೇ, ರೋಡ್ ಟೆಸ್ಟೂ ಇಂಗ್ಲಿಷಿನಲ್ಲೇ. ಪರ್ಮಿಟ್ ಕಥೆ ಅರ್ಧ ಸತ್ಯ. ನೀವು ಅಲ್ಲಿ ವಾಸ ಶುರು ಮಾಡಿದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸಿನಲ್ಲೇ ಕಾರು ಓಡಿಸ್ಬಹುದು, ಅದಾದ ಮೇಲೆ ಆಗುದಿಲ್ಲ, ಪರ್ಮಿಟ್ ಇದ್ರೂ ಆಗುದಿಲ್ಲ. ನಮ್ಮ ಲೈಸೆನ್ಸ್ ಕೊಟ್ಟು ಅಲ್ಲಿಯದ್ದು ಬದಲಾಯಿಸಿಕೊಳ್ಳುವ ಸೌಲಭ್ಯ ಭಾರತಕ್ಕೆ ಇಲ್ಲ. ಟೆಸ್ಟೇ ಬೇಡ ಅನ್ನುವ ಸುದ್ದಿ ಎಲ್ಲಿಂದ ಬಂತು ಅಂತ ನನಗೆ ಒಂದು ಅಂದಾಜುಂಟು, ನಮ್ಮ ಕಡೆ ದುಬೈಯಲ್ಲಿ ಟೆಸ್ಟ್ ಪಾಸಾಗಿ ಅಲ್ಲಿಯ ಲೈಸೆನ್ಸ್ ಮಾಡಿಸಿಕೊಂಡವರು ಮನೆಗೊಬ್ಬರಾದ್ರೂ ಸಿಗ್ತಾರಲ್ಲ, ಅವರಿಗೆ ಬ್ರಿಟನ್ನಿನಲ್ಲಿ ಬದಲಾಯಿಸಿ ಕೊಡ್ತಾರೆ, ಯುಎಇ ಆ ಪಟ್ಟಿಯಲ್ಲಿ ಉಂಟು. ಅದನ್ನು ಕೇಳಿದವರು ಎಲ್ಲರಿಗೂ ಹಾಗೆ ಅಂತ ತಿಳ್ಕೊಂಡಿರ್ಬೇಕು.

ಇನ್ನು ಆ ಪಿಡಿಎಫ್. ನಿಮ್ಮ ಅಣ್ಣ ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದು, ಆದ್ರೆ ಅಮೇರಿಕದ ಪಟ್ಟಿ ನಿಮಗೆ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ. ಅದರಲ್ಲಿ ಯೀಲ್ಡ್ ಅಂತ ಇರ್ತದೆ, ನಿಮಗೆ ಬೇಕಾದ್ದು ಗಿವ್ ವೇ, ಅಂದ್ರೆ ಬೇರೆಯವರಿಗೆ ದಾರಿ ಬಿಡು. ಅವರ ಕ್ರಾಸ್‌ವಾಕ್ ಇಲ್ಲಿ ಝೀಬ್ರಾ ಕ್ರಾಸಿಂಗ್, ಅವರ ಹುಡ್ ಅಂದ್ರೆ ನಮ್ಮ ಬಾನೆಟ್, ಟ್ರಂಕ್ ಅಂದ್ರೆ ಡಿಕ್ಕಿ, ಗ್ಯಾಸ್ ಅಂದ್ರೆ ಪೆಟ್ರೋಲ್. ಇದೆಲ್ಲ ತಪ್ಪಿದ್ರೆ ಯಾರಾದ್ರೂ ನಗಾಡ್ತಾರೆ ಅಷ್ಟೇ. ಆದ್ರೆ ಪೇವ್‌ಮೆಂಟ್ ಅನ್ನುವ ಶಬ್ದ ನೋಡಿ, ಬ್ರಿಟನ್ನಿನಲ್ಲಿ ಪೇವ್‌ಮೆಂಟ್ ಅಂದ್ರೆ ಜನ ನಡೆಯುವ ಜಾಗ, ನಮ್ಮ ಫುಟ್‌ಪಾತು. ಅಮೇರಿಕದಲ್ಲಿ ಪೇವ್‌ಮೆಂಟ್ ಅಂದ್ರೆ ಗಾಡಿ ಓಡುವ ಡಾಮರು. ಪೇವ್‌ಮೆಂಟ್ ಮೇಲೆ ಗಾಡಿ ಹತ್ತಿಸ್ಬಾರ್ದು ಅಂತ ಬರೆದ ಪ್ರಶ್ನೆಗೆ ಅಮೇರಿಕದ ಅರ್ಥ ಇಟ್ಕೊಂಡು ಉತ್ತರ ಹಾಕಿದ್ರೆ ಎಲ್ಲಿಗೆ ಹೋಗಿ ಮುಟ್ತದೆ ಹೇಳಿ.

ನಿಮಗೆ ಒಂದು ಲಾಭ ಉಂಟು, ನಮ್ಮ ಗಾಡಿ ಇಂಗ್ಲಿಷ್ ಬ್ರಿಟಿಷರ ಕಾಲದಿಂದ ಬಂದದ್ದು, ಬಾನೆಟ್, ಇಂಡಿಕೇಟರ್, ನಂಬರ್ ಪ್ಲೇಟ್, ಲಾರಿ, ಪೆಟ್ರೋಲ್, ಫ್ಲೈಓವರ್, ಬೈಪಾಸ್, ಡೈವರ್ಶನ್ ಎಲ್ಲ ಅಲ್ಲಿಯೂ ಹಾಗೇ. ಬೋರ್ಡಿನ ಆಕಾರಗಳೂ ಹೆಚ್ಚಿನವು ನಮ್ಮ ಎಲ್‌ಎಲ್ ಟೆಸ್ಟಿಗೆ ಓದಿದವೇ, ತ್ರಿಕೋನ ಎಚ್ಚರಿಕೆಗೆ, ಕೆಂಪು ಸುತ್ತು ನಿಷೇಧಕ್ಕೆ, ಎಂಟು ಮೂಲೆಯದ್ದು ಸ್ಟಾಪಿಗೆ. ಅಷ್ಟರ ಮಟ್ಟಿಗೆ ನೀವು ಅರ್ಧ ಪಾಸು.

ಆಮೇಲೆ ನಾವು ಇಲ್ಲೇ ಮಾಡಿಕೊಂಡ ಅಥವಾ ನಾವು ಮಾತ್ರ ಇಟ್ಟುಕೊಂಡ ಶಬ್ದಗಳು. ಸ್ಟೆಪ್ನಿ ಅಂದ್ರೆ ಅಲ್ಲಿ ಇವತ್ತು ಯಾರಿಗೂ ಗೊತ್ತಾಗುದಿಲ್ಲ, ತಮಾಷೆ ಏನಂದ್ರೆ ಅದು ಹುಟ್ಟಿದ್ದೇ ಅಲ್ಲಿ, ವೇಲ್ಸಿನ ಲನೆಲ್ಲಿ ಅನ್ನುವ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರ ಸುಮಾರಿಗೆ ಅಣ್ಣತಮ್ಮ ಇಬ್ರು ಹೆಚ್ಚುವರಿ ಚಕ್ರ ಮಾಡಿ ಮಾರ್ಲಿಕ್ಕೆ ಶುರು ಮಾಡಿದ್ದು, ಅವರು ಮರೆತರು ನಾವು ಮರೀಲಿಲ್ಲ. ಅಲ್ಲಿ ಸ್ಪೇರ್ ವೀಲ್ ಅನ್ನಿ. ಡಿಕ್ಕಿಗೆ ಬೂಟ್. ಡಿವೈಡರಿಗೆ ಸೆಂಟ್ರಲ್ ರಿಸರ್ವೇಶನ್, ಇದು ಥಿಯರಿ ಪೇಪರಿನಲ್ಲಿ ಬರ್ತದೆ, ರೈಲ್ವೆ ಟಿಕೆಟ್ ರಿಸರ್ವೇಶನ್ ಅಂತ ತಲೆಗೆ ಬಂದ್ರೆ ಪ್ರಶ್ನೆಯೇ ಅರ್ಥ ಆಗುದಿಲ್ಲ. ಎಲ್ ಬೋರ್ಡಿಗೆ ಎಲ್ ಪ್ಲೇಟ್. ದೂರಕ್ಕೆ ಬೀಳುವ ಲೈಟಿಗೆ ಮೇನ್ ಬೀಮ್, ನಾವು ಡಿಮ್ ಡಿಪ್ ಅನ್ನುವ ತಗ್ಗಿಸಿದ ಲೈಟಿಗೆ ಡಿಪ್ಡ್ ಬೀಮ್. ಹಾಫ್ ಕ್ಲಚ್ ಅಂದ್ರೆ ಅಲ್ಲಿಯ ಇನ್‌ಸ್ಟ್ರಕ್ಟರಿಗೆ ಗೊತ್ತಾಗದೆ ಇರ್ಲಿಕ್ಕೂ ಸಾಕು, ಅವರು ಬೈಟಿಂಗ್ ಪಾಯಿಂಟ್ ಅಂತಾರೆ, ಕ್ಲಚ್ ಬಿಡ್ತಾ ಬರುವಾಗ ಗಾಡಿ ಸಣ್ಣಗೆ ಹಿಡಿಯುವ ಆ ಜಾಗ. ಮತ್ತೆ ಪೆಟ್ರೋಲಿಗೆ ಗ್ಯಾಸ್ ಅನ್ನುದಿಲ್ಲ ಅಂತ ಈಗಷ್ಟೇ ಹೇಳಿದೆ, ಆದ್ರೆ ಅದೇ ಬ್ರಿಟಿಷ್ ಇನ್‌ಸ್ಟ್ರಕ್ಟರ್ ಆಕ್ಸಿಲರೇಟರಿಗೆ ಮಾತ್ರ "ಎ ಬಿಟ್ ಮೋರ್ ಗ್ಯಾಸ್" ಅಂತಲೇ ಹೇಳ್ತಾರೆ! ಹಾಗುಂಟು.

ಈಗ ನಿಜವಾದ ಅಪಾಯಕ್ಕೆ ಬರ್ತೇನೆ, ಎರಡೂ ಕಡೆ ಇರುವ ಆದ್ರೆ ಅರ್ಥ ಬೇರೆ ಇರುವ ಶಬ್ದಗಳು. ಸರ್ವಿಸ್ ತಗೊಳ್ಳಿ. ನಮಗೆ ಸರ್ವಿಸ್ ರೋಡ್ ಅಂದ್ರೆ ಹೈವೇ ಪಕ್ಕದ ಸಣ್ಣ ರೋಡು, ಅಂಬಲಪಾಡಿಯಲ್ಲೋ ಪಂಪ್‌ವೆಲ್‌ನಲ್ಲೋ ಹೈವೇಯಿಂದ ಇಳಿದು ಹೋಗುದು. ಅಲ್ಲಿ ಮೋಟರ್‌ವೇ, ಅಂದ್ರೆ ವೇಗದ ದೊಡ್ಡ ಹೈವೇ ಮೇಲೆ "ಸರ್ವಿಸಸ್" ಅಂತ ಬೋರ್ಡ್ ಕಂಡ್ರೆ ಅದು ಪೆಟ್ರೋಲ್, ಚಾ, ಟಾಯ್ಲೆಟ್ ಇರುವ ಜಾಗ. ಮೋಟರ್‌ವೇಗೆ ಹತ್ತುವ ಇಳಿಯುವ ರೋಡಿಗೆ ಸ್ಲಿಪ್ ರೋಡ್ ಅನ್ನುದು, ಜಾರುವ ರೋಡಿಗೆ ಅಲ್ಲ, ಜಾರುದಕ್ಕೆ ಸ್ಲಿಪ್ಪರಿ ಅಂತ ಬೇರೆ ಬೋರ್ಡುಂಟು.

ವೇಟಿಂಗ್ ಇನ್ನೊಂದು. "ನೋ ವೇಟಿಂಗ್" ಅಂತ ಬೋರ್ಡ್ ಕಂಡ್ರೆ ನಾವು ಅಂದುಕೊಳ್ಳುದು ಒಂದು ಗಳಿಗೆಯೂ ನಿಲ್ಲಿಸ್ಬಾರ್ದು ಅಂತ. ಅಲ್ಲಿ ಅದರ ಅರ್ಥ ಹೆಚ್ಚುಕಮ್ಮಿ ನಮ್ಮ ನೋ ಪಾರ್ಕಿಂಗ್, ಜನ ಹತ್ತಿಸಿ ಇಳಿಸ್ಲಿಕ್ಕೆ ನಿಲ್ಲಿಸ್ಬಹುದು. ಒಂದು ಗಳಿಗೆಯೂ ಆಗುದಿಲ್ಲ ಅನ್ನುದಕ್ಕೆ "ನೋ ಸ್ಟಾಪಿಂಗ್" ಅಥವಾ ಕ್ಲಿಯರ್‌ವೇ ಅಂತ ಇರ್ತದೆ. ರೋಡಿನ ಅಂಚಿನ ಎರಡು ಹಳದಿ ಗೆರೆಗೂ ಇದೇ ನೋ ವೇಟಿಂಗ್ ಅರ್ಥ, ದಿನದ ಯಾವ ಹೊತ್ತಿಗೂ.

ಸರ್ಕಲ್ ಶಬ್ದ ಪೂರ್ತಿ ಬಿಡಿ. ನಮ್ಮಲ್ಲಿ ನಾಲ್ಕು ರೋಡು ಸೇರಿದ್ರೆ ಸಾಕು, ಮಧ್ಯದಲ್ಲಿ ಏನಿದ್ರೂ ಇಲ್ಲದಿದ್ರೂ ಅದು ಸರ್ಕಲ್. ಅಲ್ಲಿ ಮಧ್ಯದ ದುಂಡನ್ನು ಸುತ್ತಿ ಹೋಗುವ ರೌಂಡಬೌಟ್ ಮತ್ತು ಬರೀ ರೋಡುಗಳು ಸೇರುವ ಜಂಕ್ಷನ್ ಅಂತ ಎರಡು ಬೇರೆ ಬೇರೆ, ನಿಯಮವೂ ಬೇರೆ. ರೌಂಡಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ಬಿಡ್ಬೇಕು. ಮಂಗಳೂರಿನ ನಂತೂರಿನಲ್ಲಿ ನಾವು ಮಾಡುವ ಹಾಗೆ ಮೂತಿ ತೂರಿಸಿ ಜಾಗ ಮಾಡಿಕೊಂಡ್ರೆ ಟೆಸ್ಟ್ ಅಲ್ಲಿಗೇ ಮುಗೀತು. ಎಕ್ಸಾಮಿನರ್ "ಎಟ್ ದ ರೌಂಡಬೌಟ್, ಟೇಕ್ ದ ಸೆಕೆಂಡ್ ಎಕ್ಸಿಟ್" ಅಂತಾರೆ, ನಿಮ್ಮ ಎಡಗಡೆಯಿಂದ ಎಣಿಸ್ಲಿಕ್ಕೆ ಶುರು ಮಾಡ್ಬೇಕು, ನೀವು ಬಂದ ರೋಡನ್ನು ಎಣಿಸ್ಬಾರ್ದು. ಇನ್‌ಸ್ಟ್ರಕ್ಟರುಗಳು ಕೆಲವೊಮ್ಮೆ "ಗೋ ಸ್ಟ್ರೈಟ್ ಓವರ್" ಅಂತಾರೆ, ಅದು ರೌಂಡಬೌಟಿನ ಮೇಲೆಯೇ ಹತ್ತಿಸು ಅಂತ ಅಲ್ಲ, ಸುತ್ತಿ ಎದುರಿನ ರೋಡಿಗೆ ಹೋಗು ಅಂತ. ಹೆದರ್ಬೇಡಿ, ನಿಜವಾಗಿ ಹತ್ತಿಸಿದವರನ್ನು ನಾನು ಕಂಡಿಲ್ಲ, ಆದ್ರೆ ಆ ಮಾತು ಕೇಳಿ ಬ್ರೇಕ್ ಹಾಕಿ ನನ್ನ ಮುಖ ನೋಡಿದವರು ಇದ್ದಾರೆ.

ಸಿಗ್ನಲ್ಲಿನ ಹಳದಿ ದೀಪಕ್ಕೆ ಅಲ್ಲಿ ಆಂಬರ್ ಅಂತಾರೆ. ಕೆಂಪಿನಿಂದ ಹಸಿರಿಗೆ ಹೋಗುವ ಮೊದಲು ಕೆಂಪು ಆಂಬರ್ ಎರಡೂ ಒಟ್ಟಿಗೆ ಹತ್ತುತ್ತದೆ, ಅದರ ಅರ್ಥವೂ ನಿಲ್ಲು ಅಂತಲೇ, ಹೊರಡು ಅಂತ ಅಲ್ಲ. ಕ್ರಾಸಿಂಗುಗಳಿಗೆ ಪೆಲಿಕನ್, ಪಫಿನ್, ಟೂಕನ್ ಅಂತ ಹಕ್ಕಿಗಳ ಹೆಸರು. ನಿಮಗೆ ನೆನಪಿರ್ಬೇಕಾದ್ದು ಎರಡೇ: ಪೆಲಿಕನ್‌ನಲ್ಲಿ ಆಂಬರ್ ಮಿಣಮಿಣ ಅಂತದೆ, ಆಗ ದಾಟ್ತಾ ಇರುವವರಿಗೆ ಬಿಟ್ಟು ಯಾರೂ ಇಲ್ಲದಿದ್ರೆ ಹೋಗ್ಬಹುದು, ಪಫಿನ್‌ನಲ್ಲಿ ಆ ಮಿಣಮಿಣ ಇಲ್ಲ. ಟೂಕನ್‌ನಲ್ಲಿ ಸೈಕಲಿನವರೂ ದಾಟ್ತಾರೆ.

ಶಬ್ದ ಅಂದ್ರೆ ಬಾಯಲ್ಲಿ ಹೇಳುದು ಮಾತ್ರ ಅಲ್ಲ, ಲೈಟು ಹಾರ್ನು ಸಹ ರೋಡಿನ ಭಾಷೆಯೇ. ಹೈವೇಯಲ್ಲಿ ಎದುರಿನ ಎಕ್ಸ್‌ಪ್ರೆಸ್ ಬಸ್ಸು ಲೈಟ್ ಫ್ಲ್ಯಾಶ್ ಮಾಡಿದ್ರೆ ಅರ್ಥ ಏನು, ನಾನು ಬರ್ತಾ ಇದ್ದೇನೆ ನೀನು ಬದಿಗೆ ಹೋಗು. ಅಲ್ಲಿ ಜನ ಫ್ಲ್ಯಾಶ್ ಮಾಡುದು ಬಹಳ ಸಲ ನೀನು ಮೊದಲು ಹೋಗು ಅನ್ನುದಕ್ಕೆ. ನೋಡಿ, ನೇರ ಉಲ್ಟಾ. ಆದ್ರೆ ಹೈವೇ ಕೋಡ್ ಅನ್ನುವ ಅಲ್ಲಿಯ ಸರ್ಕಾರದ ರೋಡ್ ನಿಯಮಗಳ ಪುಸ್ತಕದಲ್ಲಿ ಇರುದು ಮೂರನೆಯದ್ದು, ಫ್ಲ್ಯಾಶ್ ಮಾಡುದು ನಾನು ಇಲ್ಲಿದ್ದೇನೆ ಅಂತ ತಿಳಿಸ್ಲಿಕ್ಕೆ ಮಾತ್ರ. ಹಾಗಾಗಿ ಯಾರಾದ್ರೂ ಫ್ಲ್ಯಾಶ್ ಮಾಡಿದ್ರು ಅಂತ ಹೊರಡ್ಬೇಡಿ, ನಿಮ್ಮ ಕಣ್ಣಿಗೆ ರೋಡ್ ಖಾಲಿ ಕಂಡ ಮೇಲೆ ಹೊರಡಿ, ಥಿಯರಿ ಪೇಪರಿನಲ್ಲಿ ಕೇಳಿದ್ರೆ ಪುಸ್ತಕದ ಉತ್ತರ ಹಾಕಿ.

ಮಳೆಗಾಲದಲ್ಲಿ ನಮ್ಮಲ್ಲಿ ಜೋರು ಮಳೆ ಬಂದ ಕೂಡ್ಲೇ ನಾಲ್ಕೂ ಇಂಡಿಕೇಟರ್ ಹಾಕಿ ಓಡಿಸುವ ಅಭ್ಯಾಸ, ಪಡುಬಿದ್ರೆಯಿಂದ ಉಡುಪಿ ತನಕ ಪೂರಾ ಲೈಟಿನ ಜಾತ್ರೆ. ನೇರ ಹೋಗುದಕ್ಕೆ ನಾಲ್ಕೂ ಹಾಕುವವರು ಬೇರೆ. ಅಲ್ಲಿ ಹ್ಯಾಜರ್ಡ್ ಲೈಟ್ ಇರುದು ಗಾಡಿ ನಿಂತು ತೊಂದರೆ ಆಗ್ತಿದ್ರೆ. ಓಡುವಾಗ ಹಾಕ್ಲಿಕ್ಕೆ ಅವಕಾಶ ಮೋಟರ್‌ವೇ ಅಥವಾ ಅಂಥ ವೇಗದ ಡ್ಯುಯಲ್ ಕ್ಯಾರಿಜ್‌ವೇಯಲ್ಲಿ (ಮಧ್ಯದಲ್ಲಿ ಡಿವೈಡರ್ ಇರುವ ರೋಡು), ಮುಂದೆ ಅಪಾಯ ಉಂಟು ಅಂತ ಹಿಂದಿನವರಿಗೆ ತಿಳಿಸ್ಲಿಕ್ಕೆ ಮಾತ್ರ. ಮಳೆಗೆ ಡಿಪ್ಡ್ ಬೀಮ್. ಹಾರ್ನ್ ವಿಷಯ ಜಾಸ್ತಿ ಹೇಳುದಿಲ್ಲ, ಊರೊಳಗೆ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಹಾರ್ನ್ ಹಾಕುದು ಕಾನೂನಿಗೇ ವಿರುದ್ಧ, ಹಗಲಲ್ಲಿ ಹಾಕಿದ್ರೆ ಬೈದ ಹಾಗೆ ಲೆಕ್ಕ. ನಮ್ಮ ಕೈಗೆ ಅದು ತನ್ನಷ್ಟಕ್ಕೆ ಹೋಗ್ತದೆ, ಈಗಿನಿಂದಲೇ ಕಡಿಮೆ ಮಾಡಿ.

ಮೂರನೆಯ ಜಾತಿ, ನನ್ನ ಪ್ರಕಾರ ಅತೀ ಹೆಚ್ಚು ಅಭ್ಯಾಸ ಬೇಕಾದ್ದು, ಪುಲ್ ಶಬ್ದದ ಸಂಸಾರ. ಪುಲ್ ಅಪ್ ಅಂದ್ರೆ ನಿಲ್ಲಿಸು. ಪುಲ್ ಓವರ್ ಅಂದ್ರೆ ಬದಿಗೆ ತಗೊಂಡು ನಿಲ್ಲಿಸು. ಪುಲ್ ಔಟ್ ಅಂದ್ರೆ ಬದಿಯಿಂದ ಅಥವಾ ಅಡ್ಡ ರೋಡಿನಿಂದ ಹೊರಗೆ ಬಾ, ಅಂದ್ರೆ ಹೋಗು. ಪುಲ್ ಇನ್ ಅಂದ್ರೆ ಬದಿಗೆ ಬಾ. ನೋಡಿ, ನಾಲ್ಕರಲ್ಲೂ ಪುಲ್ ಉಂಟು, ಎರಡಕ್ಷರದ ಬಾಲ ಬದಲಾದ್ರೆ ನಿಲ್ಲುದು ಹೋಗುದು ಅದಲುಬದಲು. ಕನ್ನಡ ಮೀಡಿಯಂನಲ್ಲಿ ಕಲಿತವರು ದೊಡ್ಡ ಶಬ್ದವನ್ನು ಗಟ್ಟಿಯಾಗಿ ಹಿಡಿತಾರೆ, ಬಾಲವನ್ನು ಬಿಡ್ತಾರೆ, ಅದು ನಮ್ಮ ಕಲಿಕೆಯ ರೀತಿ, ಕನ್ನಡದಲ್ಲಿ ಇಂಥ ಬಾಲಗಳ ಆಟ ಇಲ್ಲ. ನನ್ನ ಹತ್ರ ಕಲಿತ ಒಬ್ಬ ಹುಡುಗ, ಬಂಟ್ವಾಳ ಕಡೆಯವ, ಒಳ್ಳೇ ಡ್ರೈವರ್, "ಪುಲ್ ಔಟ್ ವೆನ್ ಇಟ್ಸ್ ಕ್ಲಿಯರ್" ಅಂದ ಕೂಡ್ಲೇ ಹ್ಯಾಂಡ್‌ಬ್ರೇಕ್ ಎಳೆದ. ಪುಲ್ ಅಂದ್ರೆ ಎಳೆ, ಕಾರಲ್ಲಿ ಎಳೆಯುವ ವಸ್ತು ಅದೊಂದೇ ಅಲ್ವಾ! ಅವನ ಲಾಜಿಕ್ ಸರಿಯೇ.

ಹಾಗೇ ಮೂವ್ ಆಫ್ ಅಂದ್ರೆ ಹೊರಡು, ಆಫ್ ಅಂತ ಕೇಳಿದ್ದಕ್ಕೆ ಎಂಜಿನ್ ಆಫ್ ಮಾಡ್ಬೇಡಿ. ಈಸ್ ಆಫ್ ದ ಗ್ಯಾಸ್ ಅಂದ್ರೆ ಆಕ್ಸಿಲರೇಟರಿನಿಂದ ಕಾಲು ಸಡಿಲ ಮಾಡು. ಕಟ್ ಇನ್ ಅಂದ್ರೆ ಓವರ್‌ಟೇಕ್ ಮಾಡಿ ಕೂಡ್ಲೇ ಅವರ ಮುಂದೆ ನುಗ್ಗುದು. ಎಡಗಡೆಯಿಂದ ಓವರ್‌ಟೇಕ್ ಮಾಡುದಕ್ಕೆ ಅಂಡರ್‌ಟೇಕಿಂಗ್ ಅಂತಾರೆ.

ಟೆಸ್ಟಿನಲ್ಲಿ ಖಂಡಿತ ಕಿವಿಗೆ ಬೀಳುವ ವಾಕ್ಯಗಳು ಇವು: "ಪುಲ್ ಅಪ್ ಆನ್ ದ ಲೆಫ್ಟ್ ಎಟ್ ಎ ಕನ್ವೀನಿಯಂಟ್ ಪ್ಲೇಸ್", "ಡ್ರೈವ್ ಆನ್ ವೆನ್ ಯು ಆರ್ ರೆಡಿ", "ಟೇಕ್ ದ ನೆಕ್ಸ್ಟ್ ರೋಡ್ ಆನ್ ದ ರೈಟ್", "ಎಟ್ ದ ಎಂಡ್ ಆಫ್ ದ ರೋಡ್, ಟರ್ನ್ ಲೆಫ್ಟ್". ಕೊನೆಯ ಎರಡನ್ನು ಗಮನಿಸಿ, ನೆಕ್ಸ್ಟ್ ರೋಡ್ ಅಂದ್ರೆ ಮೊದಲು ಸಿಗುವ ರೋಡು, ಎಂಡ್ ಆಫ್ ದ ರೋಡ್ ಅಂದ್ರೆ ಮಧ್ಯದಲ್ಲಿ ಸಿಕ್ಕಿದ್ದೆಲ್ಲ ಬಿಟ್ಟು ಈ ರೋಡು ಮುಗಿಯುವಲ್ಲಿ. ಕನ್ವೀನಿಯಂಟ್ ಅಂದ್ರೆ ನಿಮಗೆ ಸುಲಭದ ಜಾಗ ಅಲ್ಲ, ಯಾರ ಗೇಟಿಗೂ ಬಸ್ ಸ್ಟಾಪಿಗೂ ಅಡ್ಡ ಆಗದ ಜಾಗ. ಟೆಸ್ಟಿನ ಒಟ್ಟು ಸುಮಾರು 40 ನಿಮಿಷದಲ್ಲಿ ಬಹಳಷ್ಟು ಹೊತ್ತು ಸ್ಯಾಟ್‌ನ್ಯಾವ್ (ದಾರಿ ಹೇಳುವ ಮ್ಯಾಪ್ ಯಂತ್ರ) ಅಥವಾ ಬೋರ್ಡ್ ನೋಡಿ ನೀವೇ ಹೋಗ್ಬೇಕು, ಆಗ ಎಕ್ಸಾಮಿನರ್ ದಾರಿ ಹೇಳುದಿಲ್ಲ. ಹಾಗಾಗಿ ಈಗಲೇ ಫೋನಿನ ಮ್ಯಾಪಿನ ದನಿಯನ್ನು ಬ್ರಿಟಿಷ್ ಇಂಗ್ಲಿಷಿಗೆ ಹಾಕಿ ಕಟಪಾಡಿಯಿಂದ ಮಣಿಪಾಲಕ್ಕೆ ಅದರ ಮಾತು ಕೇಳಿ ಹೋಗಿ, ದಾರಿ ಗೊತ್ತಿದ್ರೂ. ದೂರವನ್ನು ಮೈಲು ಗಜಕ್ಕೆ ಬದಲಾಯಿಸಿ. ಅಲ್ಲಿ ಎಲ್ಲ ಮೈಲು, 30 ಅಂತ ಬೋರ್ಡ್ ಕಂಡ್ರೆ ಅದು ನಮ್ಮ ಸುಮಾರು 48.

ದನಿಗಳ ವಿಷಯ ಸ್ವಲ್ಪ ಹೇಳ್ತೇನೆ. ಎಕ್ಸಾಮಿನರ್ ಸ್ಪಷ್ಟವಾಗಿ ಮಾತಾಡ್ತಾರೆ, ಇನ್‌ಸ್ಟ್ರಕ್ಟರ್ ಊರ ಮಾತಾಡ್ತಾರೆ. ಲೆಸ್ಟರ್ ಕಡೆ "ಮಿ ಡಕ್" ಅಂತ ಪ್ರೀತಿಯಿಂದ ಕರೀತಾರೆ, ನಮ್ಮ "ಮಾರಾಯ್ತಿ" ಅನ್ನುವ ಹಾಗೆ. ರೋಡಿನಲ್ಲಿ ಬಾತುಕೋಳಿ ಬಂತು ಅಂತ ಬ್ರೇಕ್ ಹಾಕ್ಬೇಡಿ.

ಥಿಯರಿ ಪೇಪರ್ ಬೇರೆ ರೀತಿಯ ಇಂಗ್ಲಿಷ್. 50 ಪ್ರಶ್ನೆ, 57 ನಿಮಿಷ, 43 ಸರಿ ಆಗ್ಬೇಕು, ಫೀಸು 23 ಪೌಂಡ್. ಇಲ್ಲಿ ಕಷ್ಟದ ಶಬ್ದ ಇರುದಿಲ್ಲ, ಇರುದು ಅನ್‌ಲೆಸ್, ಎಕ್ಸೆಪ್ಟ್, ಓನ್ಲಿ ಅನ್ನುವ ಸಣ್ಣ ಕೊಕ್ಕೆಗಳು. ಬಾಕ್ಸ್ ಜಂಕ್ಷನ್ ಅಂದ್ರೆ ಹಳದಿ ಗೆರೆಗಳ ಚೌಕ, ಮುಂದೆ ಹೊರಗೆ ಹೋಗ್ಲಿಕ್ಕೆ ಜಾಗ ಇಲ್ಲದಿದ್ರೆ ಅದರೊಳಗೆ ಹೋಗ್ಬಾರ್ದು, ಆದ್ರೆ ಬಲಕ್ಕೆ ತಿರುಗುವವರು ಎದುರಿನ ಗಾಡಿಗೆ ಕಾಯ್ಲಿಕ್ಕೆ ಒಳಗೆ ನಿಲ್ಲಬಹುದು. ಆ "ಆದ್ರೆ" ಮೇಲೆಯೇ ಪ್ರಶ್ನೆ ಬರುದು. ಇನ್ನೊಂದು, ಹೈವೇ ಕೋಡ್ ಓದುವಾಗ ಮಸ್ಟ್, ಮಸ್ಟ್ ನಾಟ್ ಅಂತ ಇದ್ರೆ ಅದು ಕಾನೂನು, ಶುಡ್ ಅಂತ ಇದ್ರೆ ಸಲಹೆ. ನಮ್ಮ ಕನ್ನಡದಲ್ಲಿ ಎರಡಕ್ಕೂ "ಬೇಕು" ಅಂದುಬಿಡ್ತೇವೆ, ಹಾಗೆ ಓದಿದ್ರೆ ಎರಡು ಉತ್ತರ ಒಂದೇ ಥರ ಕಾಣ್ತದೆ. ಸ್ಟಾಪಿಂಗ್ ಡಿಸ್ಟೆನ್ಸ್ ಅಂದ್ರೆ ಥಿಂಕಿಂಗ್ (ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ತನಕ ಗಾಡಿ ಓಡುವ ದೂರ) ಮತ್ತು ಬ್ರೇಕಿಂಗ್ (ಬ್ರೇಕ್ ಹಾಕಿದ ಮೇಲೆ ನಿಲ್ಲುವ ತನಕದ ದೂರ) ಎರಡೂ ಸೇರಿ, 30 ಮೈಲು ವೇಗದಲ್ಲಿ 9 ಮತ್ತು 14, ಒಟ್ಟು 23 ಮೀಟರ್, 70ರಲ್ಲಿ 96 ಮೀಟರ್. ಯಾವುದನ್ನು ಕೇಳಿದ್ದಾರೆ ಅಂತ ನೋಡದೆ ಗುರುತು ಹಾಕಿ ಮಾರ್ಕ್ ಬಿಟ್ಟವರು ಬೇಕಾದಷ್ಟು.

ಅದೇ ದಿನ ಹ್ಯಾಜರ್ಡ್ ಪರ್ಸೆಪ್ಶನ್ ಅಂತ 14 ವಿಡಿಯೋ ತೋರಿಸ್ತಾರೆ, 75ರಲ್ಲಿ 44 ಬೇಕು. ರೋಡಿನಲ್ಲಿ ಅಪಾಯ ಬೆಳೀತಾ ಇರುದು ಕಂಡ ಕೂಡ್ಲೇ ಕ್ಲಿಕ್ ಮಾಡುದು. ಇದರಲ್ಲಿ ನಮ್ಮ ಕರಾವಳಿಯವರು ಬೀಳುದು ಇಂಗ್ಲಿಷಿಗೆ ಅಲ್ಲ, ಅನುಭವಕ್ಕೆ. ಕಲ್ಸಂಕದಲ್ಲಿ ದಿನಾ ಓಡಿಸುವ ನಿಮಗೆ ಎಲ್ಲದರಲ್ಲೂ ಅಪಾಯ ಕಾಣ್ತದೆ, ನಿಂತ ಸೈಕಲ್, ನಾಯಿ, ಛತ್ರಿ ಹಿಡಿದ ಅಜ್ಜಿ, ಎಲ್ಲದಕ್ಕೂ ಕ್ಲಿಕ್ ಕ್ಲಿಕ್. ಹಾಗೆ ಒಂದೇ ಸಮ ಕ್ಲಿಕ್ ಮಾಡಿದ್ರೆ ಕಂಪ್ಯೂಟರ್ ಮೋಸ ಅಂತ ತಿಳಿದು ಆ ವಿಡಿಯೋಗೆ ಸೊನ್ನೆ ಕೊಡ್ತದೆ. ಅವರಿಗೆ ಬೇಕಾದ್ದು ಡೆವಲಪಿಂಗ್ ಹ್ಯಾಜರ್ಡ್, ಅಂದ್ರೆ ನೀವು ವೇಗ ಅಥವಾ ದಿಕ್ಕು ಬದಲಾಯಿಸ್ಲೇಬೇಕಾಗುವಂಥದ್ದು. ಮೋಕ್ ವಿಡಿಯೋ ನೋಡದೆ ಟೆಸ್ಟ್ ಬುಕ್ ಮಾಡ್ಬೇಡಿ.

ಕಲಿಯುದು ಹೇಗೆ ಅಂತ ಕೇಳಿದ್ರಿ. ವಾರ್ಡಿನಲ್ಲಿ ಡಾಕ್ಟರ್ ಸ್ಟಾಟ್, ಅಂದ್ರೆ ಈಗಿಂದೀಗಲೇ ಮಾಡಿ, ಅಂದ ಕೂಡ್ಲೇ ನಿಮ್ಮ ಕೈ ಹೊರಡ್ತದಲ್ಲ, ಅದರ ಕನ್ನಡ ಏನು ಅಂತ ನೀವು ಯೋಚಿಸುದಿಲ್ಲ, ಪುಲ್ ಅಪ್ ಅಂದ್ರೆ ಕಾಲು ಹಾಗೇ ಬ್ರೇಕಿಗೆ ಹೋಗ್ಬೇಕು. ಪಟ್ಟಿ ಬಾಯಿಪಾಠ ಮಾಡಿದ್ರೆ ಅದು ಬರುದಿಲ್ಲ, ಸೀಟಲ್ಲಿ ಕೂತೇ ಬರ್ಬೇಕು. ನಾನು ಮಾಡಿಸುದು ಹೀಗೆ: ಮೇಲೆ ಹೇಳಿದ ವಾಕ್ಯಗಳನ್ನು ಯಾರಾದ್ರೂ ಚೆನ್ನಾಗಿ ಇಂಗ್ಲಿಷ್ ಬರುವವರ ದನಿಯಲ್ಲಿ ರೆಕಾರ್ಡ್ ಮಾಡಿಸಿ, ಹಿಂದೆ ಮುಂದೆ ಕಲಸಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿ ಗಾಡಿ ಕಡಿಮೆ ಇರುವ ರೋಡಿನಲ್ಲಿ ಹಾಕಿಸಿ, ಮಟ್ಟು ಕಡೆಯ ಬೀಚ್ ರೋಡ್ ಬೆಳಿಗ್ಗೆ ಹೊತ್ತು ಸಾಕು. ಎರಡನೆಯದ್ದು, ನೀವು ಒಬ್ಬರೇ ಡ್ಯೂಟಿಗೆ ಹೋಗುವಾಗ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳ್ತಾ ಹೋಗಿ, ಬಸ್ ಪುಲ್ಲಿಂಗ್ ಔಟ್, ಪೆಡೆಸ್ಟ್ರಿಯನ್ ಆನ್ ದ ಲೆಫ್ಟ್, ಸ್ಲೋಯಿಂಗ್ ಡೌನ್, ಮಿರರ್, ಸಿಗ್ನಲ್. ಬ್ರಿಟನ್ನಿನಲ್ಲಿ ಇನ್‌ಸ್ಟ್ರಕ್ಟರುಗಳೇ ಇದನ್ನು ಮಾಡಿಸ್ತಾರೆ. ನೋಡುವವರಿಗೆ ಹುಚ್ಚು ಅನಿಸ್ಬಹುದು, ಬ್ಲೂಟೂತ್‌ನಲ್ಲಿ ಮಾತಾಡ್ತಿದ್ದಾರೆ ಅಂದುಕೊಳ್ತಾರೆ ಬಿಡಿ.

ಕಾರಿನೊಳಗಿನ ಹೆಸರುಗಳನ್ನೂ ನೋಡಿಕೊಳ್ಳಿ, ಟೆಸ್ಟಿನಲ್ಲಿ "ಶೋ ಮಿ, ಟೆಲ್ ಮಿ" ಅಂತ ಎರಡು ಪ್ರಶ್ನೆ ಉಂಟು. ಮಳೆಗೆ ಹಿಂದಿನ ಗ್ಲಾಸು ಮಬ್ಬಾದಾಗ ಒತ್ತುವ ಬಟನ್ ಎಲ್ಲರಿಗೂ ಗೊತ್ತು, ರಿಯರ್ ಡಿಮಿಸ್ಟರ್ ಅನ್ನುವ ಹೆಸರು ಗೊತ್ತಿರುದಿಲ್ಲ. ಟಯರಿನ ಟ್ರೆಡ್ ಕನಿಷ್ಠ 1.6 ಮಿಲಿಮೀಟರ್ ಇರ್ಬೇಕು ಅನ್ನುದೂ ಕೇಳ್ತಾರೆ.

ಒಂದು ವೇಳೆ ಗಾಡಿಗೆ ಗಾಡಿ ತಾಗಿದ್ರೆ ಬೇಕಾದ ಮಾತು ಯಾವ ಪಟ್ಟಿಯಲ್ಲೂ ಇರುದಿಲ್ಲ. ನಮ್ಮ "ಡ್ಯಾಶ್ ಹೊಡೆದ" ಅನ್ನುದು ಅಲ್ಲಿ ನಡೆಯುದಿಲ್ಲ, ಡ್ಯಾಶ್ ಅಂದ್ರೆ ಅವರಿಗೆ ಓಡಿಹೋಗುದು. "ಹಿ ರಾನ್ ಇನ್‌ಟು ದ ಬ್ಯಾಕ್ ಆಫ್ ಮಿ" ಅಂದ್ರೆ ಹಿಂದಿನಿಂದ ಗುದ್ದಿದ, "ಕ್ಲಿಪ್ಡ್ ಮೈ ವಿಂಗ್ ಮಿರರ್" ಅಂದ್ರೆ ಕನ್ನಡಿಗೆ ತಾಗಿಸಿದ. ಹೆಸರು ವಿಳಾಸ ಕೊಟ್ಟು ತಗೊಳ್ಳಿ, ಆಗದಿದ್ರೆ 24 ಗಂಟೆಯೊಳಗೆ ಪೋಲಿಸರಿಗೆ ತಿಳಿಸ್ಬೇಕು. ನಮ್ಮಲ್ಲಿ ಜಗಳ ತಣ್ಣಗೆ ಮಾಡ್ಲಿಕ್ಕೆ ಆಯ್ತು ನಂದೇ ತಪ್ಪು ಬಿಡಿ ಅನ್ನುವವರಿದ್ದಾರೆ, ಅಲ್ಲಿ ಹಾಗೆ ಹೇಳಿದ್ರೆ ಇನ್ಶೂರೆನ್ಸಿನಲ್ಲಿ ನಿಮ್ಮ ಕುತ್ತಿಗೆಗೆ ಬರ್ತದೆ. "ಆರ್ ಯು ಹರ್ಟ್" ಅಂತ ಕೇಳಿ, ತಪ್ಪು ಯಾರದ್ದು ಅನ್ನುದನ್ನು ಇನ್ಶೂರೆನ್ಸಿನವರಿಗೆ ಬಿಡಿ.

ಈಗ ನಿಮ್ಮ ಮುಂದಿರುವ ದಾರಿಗಳು. 12 ತಿಂಗಳು ಉಂಟಲ್ಲ, ನಿಧಾನಕ್ಕೆ ಮಾಡುವ ಅಂತ ಕೂತವರೇ ಜಾಸ್ತಿ, ನನಗೆ ಅದು ಇಷ್ಟ ಇಲ್ಲ. ರೋಡ್ ಟೆಸ್ಟಿಗೆ ತಾರೀಕು ಸಿಗ್ಲಿಕ್ಕೆ ತಿಂಗಳುಗಟ್ಲೆ ಕಾಯ್ಬೇಕಾಗ್ತದೆ, ನಿಮ್ಮ ನೈಟ್ ಡ್ಯೂಟಿ ರೋಸ್ಟರ್ ಬೇರೆ, ವರ್ಷ ಮುಗಿದ ಮೇಲೆ ಎಂಟು ವರ್ಷ ಓಡಿಸಿದ ನೀವು ಎಲ್ ಪ್ಲೇಟ್ ಹಾಕಿ, 21 ದಾಟಿದ, ಮೂರು ವರ್ಷ ಲೈಸೆನ್ಸ್ ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಯೇ ಓಡಿಸ್ಬೇಕು. ಹೋದ ಕೂಡ್ಲೇ ಪ್ರೊವಿಶನಲ್ ಲೈಸೆನ್ಸಿಗೆ (ನಮ್ಮ ಎಲ್‌ಎಲ್ ಥರದ್ದು) ಅರ್ಜಿ ಹಾಕಿ, ಅದಿಲ್ಲದೆ ಥಿಯರಿ ಬುಕ್ ಆಗುದಿಲ್ಲ. ಥಿಯರಿ ಪಾಸಾದ್ರೆ ಅದು ಎರಡು ವರ್ಷ ನಡೀತದೆ, ಹಾಗಾಗಿ ಬೇಗ ಮಾಡಿದ್ರೆ ನಷ್ಟ ಇಲ್ಲ. ಈಗ ಇಲ್ಲಿ ಕೂತು ಓದಬಹುದಾದ್ದು ಅದೊಂದೇ, ಹೈವೇ ಕೋಡ್ ಸರ್ಕಾರದ ವೆಬ್‌ಸೈಟಿನಲ್ಲಿ ಫ್ರೀ ಸಿಗ್ತದೆ.

ಇನ್‌ಸ್ಟ್ರಕ್ಟರ್ ನಮ್ಮ ಭಾಷೆಯವರು ಬೇಕಾ ಅನ್ನುವ ಪ್ರಶ್ನೆಯೂ ಬರ್ತದೆ. ಲೆಸ್ಟರ್‌ನಲ್ಲಿ ಗುಜರಾತಿಗಳು ಬೇಕಾದಷ್ಟು ಇದ್ದಾರೆ, ಹಿಂದಿಯಲ್ಲಿ ಕಲಿಸುವವರು ಸಿಗ್ಬಹುದು. ಮೊದಲ ಒಂದೆರಡು ಕ್ಲಾಸಿಗೆ ಒಳ್ಳೇದೇ, ರೌಂಡಬೌಟಿನ ಲೇನ್ ಹಿಡಿಯುದನ್ನು ಗೊತ್ತಿರುವ ಭಾಷೆಯಲ್ಲಿ ಕೇಳಿದ್ರೆ ಬೇಗ ತಲೆಗೆ ಹೋಗ್ತದೆ. ಆದ್ರೆ ಪೂರ್ತಿ ಹಿಂದಿಯಲ್ಲೇ ಕಲಿತು ಟೆಸ್ಟ್ ದಿನ ಮೊದಲ ಸಲ ಇಂಗ್ಲಿಷ್ ಕೇಳಿದವರು ಪಾರ್ಕಿಂಗ್ ಬಿಟ್ಟು ಹೊರಗೆ ಬರುದರೊಳಗೇ ಬೆವರಿದ್ದನ್ನು ನೋಡಿದ್ದೇನೆ. ಮೂರನೇ ಕ್ಲಾಸಿನಿಂದ ಇಂಗ್ಲಿಷಿನಲ್ಲೇ ಹೇಳಿ ಅಂತ ನೀವೇ ಹೇಳಿ.

ಆಟೋಮ್ಯಾಟಿಕ್ ಸುಲಭ ಅನ್ನುದು ನಿಜ, ಕ್ಲಚ್ ಗೇರ್ ಕಡೆ ಹೋಗುವ ಗಮನ ಕಿವಿಗೆ ಸಿಗ್ತದೆ. ಆದ್ರೆ ಆಟೋಮ್ಯಾಟಿಕ್‌ನಲ್ಲಿ ಪಾಸಾದ್ರೆ ಲೈಸೆನ್ಸೂ ಆಟೋಮ್ಯಾಟಿಕ್‌ಗೆ ಮಾತ್ರ, ಮ್ಯಾನುವಲ್ ಗಾಡಿ ಮುಟ್ಟುವ ಹಾಗಿಲ್ಲ. ಕ್ಲಾಸಿನ ಫೀಸೂ ಸಾಮಾನ್ಯವಾಗಿ ಜಾಸ್ತಿ. ಹೊಸದಾಗಿ ಕಲಿಯುವವರಿಗೆ ನಾನು ಆಟೋಮ್ಯಾಟಿಕ್ ತಗೊಳ್ಳಿ ಅಂತಲೇ ಹೇಳುದು, ಆದ್ರೆ ನೀವು ಎಂಟು ವರ್ಷ ಆಲ್ಟೋದ ಗೇರ್ ಹಾಕಿದವರು, ನಿಮ್ಮ ಎಡಗೈಗೆ ಯೋಚನೆಯೇ ಬೇಡ, ಅಲ್ಲಿಯೂ ಸ್ಟಿಯರಿಂಗ್ ಬಲಕ್ಕೇ, ಗೇರ್ ಎಡಗೈಗೇ. ನಿಮಗೆ ಮ್ಯಾನುವಲ್ಲೇ ಸರಿ. ಬುಕ್ ಮಾಡುವಾಗ ಇನ್‌ಸ್ಟ್ರಕ್ಟರಿನ ಗಾಡಿ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.